ಪಾತಾಳಕ್ಕೆ ಯಾಕೆ ಇಳಿದರು?

ಬೆಳಗಾವಿ ಕ್ಯಾಂಪಿನ ನಮ್ಮ ಶಾಲೆಯಲ್ಲಿ ವಾರಕ್ಕೆರಡು ಸಲ ಕ್ಲಾಸು ಎರಡಾಗುತ್ತಿತ್ತು. ಉಳಿದವರು ಮೋರಲ್ ಸೈನ್ಸಿಗೆ, ನಾವು ಹತ್ತು ಹನ್ನೆರಡು ಕಥೋಲಿಕ ಹುಡುಗರು ಕ್ಯಾಟಿಕಿಸಂಗೆ, ಅಂದರೆ ನಮ್ಮ ಧರ್ಮದ ಪಾಠಕ್ಕೆ. ತಪ್ಪಿಲ್ಲದೆ ಒಪ್ಪಿಸಿದವರಿಗೆ ಸಿಸ್ಟರ್ ಸಂತರ ಚಿಕ್ಕ ಚಿತ್ರ ಕೊಡುತ್ತಿದ್ದರು. ನನ್ನ ಕಂಪಾಸ್ ಬಾಕ್ಸಿನಲ್ಲಿ ಸಂತ ಅಂತೋಣಿಯವರೇ ಮೂವರಿದ್ದರು! ಕೊನೆಗೆ ಸಿಸ್ಟರ್, "ಏನಾದ್ರೂ ಕೇಳೋದಿದೆಯಾ?" ಅನ್ನುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಫುಟ್‌ಬಾಲಿಗೆ ತಡವಾಗುತ್ತಿತ್ತಲ್ಲ.

1998ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತು. ಧರ್ಮದ ಓದೂ ಅಲ್ಲಿಗೇ ನಿಂತಿತು. ಭಾನುವಾರದ ಪೂಜೆ, ಮನೆಯ ಜಪಸರ ಮಾತ್ರ ತಪ್ಪಲಿಲ್ಲ.

ಹೋದ ವರ್ಷ ಮಗಳು ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದದ ಪವಿತ್ರ ರೊಟ್ಟಿ ಸ್ವೀಕರಿಸಲು ತಯಾರಾಗುತ್ತಿದ್ದಳು. ನಮ್ಮ ನಂಬಿಕೆಗಳನ್ನು ಸಾಲಾಗಿ ಹೇಳುವ ವಿಶ್ವಾಸ ಪ್ರಮಾಣ ಬಾಯಿಪಾಠ ಮಾಡುತ್ತಾ, ಯೇಸು ಪಾತಾಳಕ್ಕೆ ಇಳಿದರು ಅನ್ನುವಲ್ಲಿ ನಿಲ್ಲಿಸಿದಳು. "ಪಪ್ಪಾ, ಯೇಸುಸ್ವಾಮಿ ಪಾತಾಳಕ್ಕೆ ಯಾಕೆ ಇಳಿದರು? ಏನು ತಪ್ಪು ಮಾಡಿದ್ದರು?" ಮೂವತ್ತು ವರ್ಷದಿಂದ ನಾನೂ ಹೇಳುತ್ತಿರುವ ಮಾತದು. ಒಮ್ಮೆಯೂ ಹೀಗೆ ಹೊಳೆದಿರಲಿಲ್ಲ. "ಫಾದರ್‌ನ ಕೇಳೋಣ ತಡಿ" ಅಂತ ಸುಮ್ನೆ ಜಾರಿಕೊಂಡೆ.

ಫಾದರ್ ನಕ್ಕು ಒಂದು ದಪ್ಪ ಪುಸ್ತಕ ಕೈಗಿಟ್ಟರು. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೊರಡಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ. ಒಟ್ಟು 2865 ಪ್ಯಾರಾ. ನಾನು ಶಾಲೆಯಲ್ಲಿದ್ದಾಗಲೇ ಬಂದದ್ದು! "632ರಿಂದ ಓದಿ" ಅಂದರು.

ಇಲ್ಲಿ ಪಾತಾಳ ಅಂದರೆ ಪಾಪಿಗಳ ನರಕ ಅಲ್ಲ. ಹೀಬ್ರೂವಿನಲ್ಲಿ ಶೆಯೋಲ್, ಗ್ರೀಕಿನಲ್ಲಿ ಹೇಡೀಸ್, ಅಂದರೆ ಸತ್ತವರ ಲೋಕ. ಯೇಸು ನಿಜವಾಗಿಯೂ ಸತ್ತರು, ಸತ್ತವರೆಲ್ಲ ಹೋದಲ್ಲಿಗೇ ಹೋದರು. ಶಿಕ್ಷೆಗಲ್ಲ, ತಮಗಾಗಿ ಕಾದಿದ್ದ ನೀತಿವಂತರನ್ನು ಬಿಡಿಸಿಕೊಂಡು ಬರಲು. 635ರಲ್ಲಿ ಪವಿತ್ರ ಶನಿವಾರದ, ಅಂದರೆ ಈಸ್ಟರ್ ಹಿಂದಿನ ದಿನದ, ಒಂದು ಹಳೆಯ ಪ್ರವಚನದ ತುಣುಕಿದೆ. ಭೂಮಿಯೆಲ್ಲ ಮೌನವಾಗಿದೆ, ಯೇಸು ತಪ್ಪಿಹೋದ ಕುರಿಯನ್ನು ಹುಡುಕುವ ಹಾಗೆ ಮೊದಲ ಮನುಷ್ಯ ಆದಾಮನನ್ನು ಹುಡುಕಿಕೊಂಡು ಹೊರಟಿದ್ದಾರೆ. ಆ ಪುಟವನ್ನು ಎರಡೆರಡು ಸಲ ಓದಿದೆ. ನನಗೆ ಪವಿತ್ರ ಶನಿವಾರ ಅಂದರೆ ಶುಕ್ರವಾರದ ಉಪವಾಸಕ್ಕೂ ಈಸ್ಟರ್ ಊಟಕ್ಕೂ ನಡುವೆ ಖಡೇಬಜಾರಿಗೆ ಹೋಗಿಬರುವ ದಿನವಾಗಿತ್ತು, ಅಷ್ಟೇ.

ರಾತ್ರಿ ಮಗಳಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಮತ್ತೆ ಆದಾಮನ ಹೆಂಡತಿ ಹವ್ವ? ಅವಳನ್ನು ಅಲ್ಲೇ ಬಿಟ್ಟುಬಂದರಾ?" ಅಂದಳು.

ಮತ್ತೆ ಪುಸ್ತಕ ತೆಗೆದೆ. ಬಿಟ್ಟಿಲ್ಲ. ಮುಂದಿನ ಸಾಲಿನಲ್ಲೇ ಅವಳೂ ಇದ್ದಾಳೆ.