ಚಾರ್ಜಿಂಗ್ ಜಾಗ ಚಾಲಕರೇ ಹೇಳಲಿ

ತುಮಕೂರಿನಲ್ಲಿ ಎಲೆಕ್ಟ್ರಿಕ್ ಆಟೋ ಜಾಸ್ತಿಯಾಗಲಿ ಅಂತ ನಮ್ಮ ಸಂಸ್ಥೆ, ಚಾಲಕರ ಸಂಘ, ಮಹಿಳಾ ಸ್ವಸಹಾಯ ಸಂಘಗಳು ಕೈಜೋಡಿಸಿವೆ. ಎಲ್ಲರನ್ನೂ ಕೂರಿಸಿ ಮಾತಾಡಿಸುವ ಹೊಣೆ ನನ್ನದು. ಇವತ್ತಿನ ಸಭೆಯಲ್ಲಿ ಹೊಗೆ, ಪರಿಸರದ ಮಾತು ಬೇಗ ಮುಗಿಯಿತು. ಹಿರಿಯ ಚಾಲಕರೊಬ್ಬರು ಅಂಗಿ ಜೇಬಿನಿಂದ ಪುಟ್ಟ ಡೈರಿ ತೆಗೆದರು. ಗ್ಯಾಸಿನ ಖರ್ಚು, ಸಾಲದ ಕಂತು, ದಿನದ ದುಡಿಮೆ, ಎಲ್ಲ ಬರೆದಿಟ್ಟಿದ್ದರು. "ಮೇಡಂ, ಮಧ್ಯಾಹ್ನ ಚಾರ್ಜ್‌ಗೆ ಗಾಡಿ ನಿಲ್ಲಿಸಿದ್ರೆ ಆ ಹೊತ್ತಿನ ಬಾಡಿಗೆ ಯಾರು ಕೊಡ್ತಾರೆ?" ಅಂದರು. ನ್ಯಾಯವಾದ ಪ್ರಶ್ನೆ ಅಲ್ವಾ?

ಎಲೆಕ್ಟ್ರಿಕ್ ವಾಹನಗಳಿಗೆಂದೇ 2017ರಲ್ಲಿ ನೀತಿ ತಂದ ದೇಶದ ಮೊದಲ ರಾಜ್ಯ ನಮ್ಮದು. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಆ ಚಾಲಕರ ಪ್ರಶ್ನೆಗೆ ನೀತಿಯೊಂದೇ ಉತ್ತರವಲ್ಲ. ಆಟೋ ಸ್ಟ್ಯಾಂಡ್ ಪಕ್ಕದಲ್ಲೇ ಚಾರ್ಜಿಂಗ್ ಸಿಕ್ಕರೆ ಊಟದ ಹೊತ್ತಲ್ಲೇ ಗಾಡಿ ಒಂದಿಷ್ಟು ಚಾರ್ಜ್ ಆಗುತ್ತದೆ. ಜಾಗಗಳ ಪಟ್ಟಿಯನ್ನು ಚಾಲಕರೇ ಮಾಡಿಕೊಡಲಿ ಅಂತ ತೀರ್ಮಾನಿಸಿದ್ದೇವೆ. ನಾಳೆ ಬಸ್ ನಿಲ್ದಾಣದ ಸ್ಟ್ಯಾಂಡ್‌ನಿಂದ ಶುರು.