ಗೇಮ್ ಒಳಗೆ ಕಾಡು, ಹೊರಗೆ ಕರೆಂಟು
ಟೆರ್ರಾ ನಿಲ್ ಅಂತ 2023ರಲ್ಲಿ ಒಂದು ಗೇಮ್ ಬಂತಲ್ಲ, ಯಾರಾದ್ರೂ ಆಡಿದೀರಾ? ಸಿಟಿ ಕಟ್ಟೋ ಗೇಮ್‌ಗಳಿಗೆ ಪೂರ್ತಿ ಉಲ್ಟಾ ಇದು. ಬರಡು ನೆಲದಲ್ಲಿ ಗಾಳಿಯಂತ್ರ ನಿಲ್ಸಿ, ಮಣ್ಣಲ್ಲಿರೋ ವಿಷ ತೆಗ್ದು, ಹುಲ್ಲು ಚಿಗುರ್ಸಿ, ಒಣಗಿದ ನದೀಲಿ ನೀರು ಹರ್ಸಿ, ಪ್ರಾಣಿಗಳು ವಾಪಸ್ ಬಂದ್ಮೇಲೆ ಕೊನೇಲಿ ನಾವೇ ಇಟ್ಟ ಮಶೀನೆಲ್ಲ ಬಿಚ್ಕೊಂಡು ಜಾಗ ಖಾಲಿ ಮಾಡ್ಬೇಕು. ಆ ಕೊನೇ ಹಂತ ಇದ್ಯಲ್ಲ, ಅದು ನಂಗೆ ತುಂಬಾನೇ ಹಿಡಿಸ್ತು.

ಆದ್ರೆ ಗೇಮ್ ಆಡೋ ಮಶೀನಿಗೂ ಕರೆಂಟ್ ಬೇಕಲ್ವಾ, ಅದು ಆಡ್ವಾಗ ಮಾತ್ರ ಅಲ್ಲ. ಟೀವಿಗೆ ಹಾಕ್ಕೊಂಡು ಗೇಮ್ ಆಡೋ ಎಕ್ಸ್‌ಬಾಕ್ಸ್ ಮಶೀನನ್ನ ಸ್ಲೀಪ್ ಮೋಡ್‌ನಲ್ಲಿ ಬಿಟ್ರೆ ಸುಮ್ನೆ ಕೂತೇ 10-15 ವ್ಯಾಟ್ ಎಳೀತಿರುತ್ತೆ, ಪೂರ್ತಿ ಶಟ್‌ಡೌನ್ ಸೆಟ್ಟಿಂಗ್ ಹಾಕಿದ್ರೆ 0.5 ವ್ಯಾಟ್ ಅಷ್ಟೇ. ಪಿಸಿಲಿ ಆಡೋರು ಫ್ರೇಮ್ ರೇಟ್‌ಗೆ (ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ತೋರ್ಸ್ಬೇಕು ಅನ್ನೋದಕ್ಕೆ) ಒಂದು ಲಿಮಿಟ್ ಹಾಕ್ಕೊಳಿ ಪ್ಲೀಸ್, ಇಲ್ದಿದ್ರೆ ಬರೀ ಮೆನು ಸ್ಕ್ರೀನ್ ತೋರ್ಸೋಕೂ ಕೆಲವು ಗೇಮ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಫ್ರೇಮ್ ತಳ್ತಾ ಬಿಸಿಯಾಗ್ತಿರುತ್ತೆ, ಫ್ಯಾನ್ ಸದ್ದಲ್ಲೇ ಗೊತ್ತಾಗುತ್ತೆ.

2019ರಲ್ಲಿ ವಿಶ್ವಸಂಸ್ಥೆ ಜೊತೆ ಸೇರಿ ಗೇಮ್ ಕಂಪನಿಗಳು ಪ್ಲೇಯಿಂಗ್ ಫಾರ್ ದ ಪ್ಲಾನೆಟ್ ಅಂತ ಒಕ್ಕೂಟ ಮಾಡ್ಕೊಂಡ್ವು, ಒಳ್ಳೇದೇ. ನಂಗಂತೂ ಕರೆಂಟ್ ಉಳಿಸೋ ಸೆಟ್ಟಿಂಗ್ ಎಲ್ಲಾ ಗೇಮಲ್ಲೂ ಡಿಫಾಲ್ಟ್ ಆಗೇ ಬರ್ಬೇಕು ಅನ್ಸುತ್ತೆ, ಹುಡುಕ್ಕೊಂಡು ಹೋಗಿ ಆನ್ ಮಾಡೋರು ಎಷ್ಟು ಜನ ಇರ್ತಾರೆ ಹೇಳಿ.