ಪ್ಯಾನ್‌ಕೇಕ್ ದುಡ್ಡು, ಚಂದಾ ದುಡ್ಡು

ಅಕ್ಕನ ಮಗಳು ಅಮೆರಿಕದ ಕಾಲೇಜಲ್ಲಿ ಒಂದು ಸೊರಾರಿಟಿ, ಅಂದರೆ ಹುಡುಗಿಯರ ಸಂಘ, ಸೇರಿದ್ದಾಳೆ. ನಿನ್ನೆ ವಿಡಿಯೋ ಕಾಲ್ ಮಾಡಿದರೆ ಮೊಣಕೈವರೆಗೂ ಹಿಟ್ಟು! ಎಲ್ಲರೂ ಸೇರಿ ಪ್ಯಾನ್‌ಕೇಕ್ ಹುಯ್ದು ಮಾರುತ್ತಿದ್ದರು.

"ಆ ದುಡ್ಡಲ್ಲೇ ನಿನ್ನ ಸದಸ್ಯತ್ವದ ಚಂದಾ ಕಟ್ಟಬಹುದಲ್ವಾ?" ಅಂದೆ.

"ಇಲ್ಲ ಚಿಕ್ಕಮ್ಮ, ಇದು ಪೂರ್ತಿ ಮಕ್ಕಳ ಆಸ್ಪತ್ರೆಗೆ."

ಅಲ್ಲಿ ಎರಡೂ ಬೇರೆ ಲೆಕ್ಕ. ಚಂದಾ ಸೊರಾರಿಟಿಯ ರಾಷ್ಟ್ರೀಯ ಸಂಸ್ಥೆಯ ಫೀಸು, ವಿಮೆ, ಕಾರ್ಯಕ್ರಮಗಳ ಖರ್ಚಿಗೆ. ಹೀಗೆ ಎತ್ತಿದ ಹಣ ದಾನಕ್ಕೆ. ಟ್ರೈ ಡೆಲ್ಟಾ ಅನ್ನೋ ಸೊರಾರಿಟಿ 1999ರಿಂದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಗೆ ಹಣ ಎತ್ತಿಕೊಡುತ್ತಾ ಬಂದಿದೆ. ಅಲ್ಲಿ ಮಗುವಿನ ಚಿಕಿತ್ಸೆಗೆ ಮನೆಯವರಿಗೆ ಬಿಲ್ಲೇ ಬರುವುದಿಲ್ಲ. ಕೇಳಿ ಹೊಟ್ಟೆ ತಣ್ಣಗಾಯಿತು.

ಆದರೆ ಇವಳ ಗೆಳತಿಯೊಬ್ಬಳು ಚಂದಾ ಹೊಂದಿಸಲಾಗದೆ ಈ ಸೆಮಿಸ್ಟರ್ ಸೊರಾರಿಟಿ ಬಿಟ್ಟಳಂತೆ. ಹೋದ ವರ್ಷ ಎಲ್ಲರಿಗಿಂತ ಜಾಸ್ತಿ ಟಿಕೆಟ್ ಮಾರಿದವಳು ಅವಳೇ. ಅದು ಮನಸ್ಸಿಂದ ಹೋಗ್ತಾನೇ ಇಲ್ಲ. ದಾನದ ದುಡ್ಡು ಮುಟ್ಟಬಾರದು, ನಿಜ. ಇಂಥ ಹುಡುಗಿಯರಿಗೆ ಅಂತಲೇ ಚಂದಾದಲ್ಲಿ ಒಂದು ಪಾಲು ತೆಗೆದಿಡಬೇಕು ಅಂತ ನನಗನ್ನಿಸುತ್ತದೆ.

ನಿನ್ನೆ ಆ ಹುಡುಗಿಯೂ ಬಂದಿದ್ದಳಂತೆ. ದುಡ್ಡು ಕೊಟ್ಟು ಎರಡು ಪ್ಯಾನ್‌ಕೇಕ್ ತಿಂದು, ಹಿಟ್ಟಿನ ಪಾತ್ರೆ ತೊಳೆದುಕೊಟ್ಟು ಹೋದಳಂತೆ.